ಹಾಯಿದೋಣಿಯ ಹಾದಿಯಲ್ಲಿ ಕಸದ ಗೆರೆ

ಬೆಟ್ಟದ ನೆತ್ತಿಯ ಮೇಲೆ ಎರಡೂ ತೋಳುಗಳನ್ನು ಚಾಚಿ ನಿಂತ ಕ್ರಿಸ್ತನ ಪ್ರತಿಮೆಯ ಚಿತ್ರವನ್ನು ನೋಡದ ಕಥೋಲಿಕ ಕುಟುಂಬ ನಮ್ಮಲ್ಲಿ ಅಪರೂಪ. ಗೋಡೆಯ ಕ್ಯಾಲೆಂಡರಿನಲ್ಲಿ, ಪ್ರಾರ್ಥನಾ ಪುಸ್ತಕದ ನಡುವೆ ಇಟ್ಟ ಕಾರ್ಡಿನಲ್ಲಿ, ದೂರದ ಬಂಧುಗಳು ಕಳುಹಿಸಿದ ಶುಭಾಶಯ ಪತ್ರದಲ್ಲಿ ಅದನ್ನು ನಾವು ಕಂಡಿದ್ದೇವೆ. 1931ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದ ಕೊರ್ಕೊವಾಡೊ ಬೆಟ್ಟದ ಮೇಲೆ ಪ್ರತಿಷ್ಠಾಪಿತವಾದ ಆ ಪ್ರತಿಮೆಯ ಪಾದದ ಕೆಳಗೆ ನೀಲಿಯಾದ ಒಂದು ಕೊಲ್ಲಿಯೂ ಚಿತ್ರದಲ್ಲಿ ಕಾಣಿಸುತ್ತದೆ. ಅದರ ಹೆಸರು ಗ್ವಾನಬಾರ. ಚಿತ್ರದಲ್ಲಿ ಕಾಣಿಸದಿರುವುದು ಆ ನೀಲಿ ನೀರಿನ ಮೇಲೆ ತೇಲುವ ಪ್ಲಾಸ್ಟಿಕ್.

2016ರ ಆಗಸ್ಟ್ ತಿಂಗಳಲ್ಲಿ ಒಲಿಂಪಿಕ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಗಳು ಇಲ್ಲಿ ಜರುಗಿದವು. ಕ್ರೀಡೆಯ ಸುದ್ದಿಯಾಗಿ ಅದು ಹಳೆಯದಾಯಿತು. ಆದರೆ ಬಂದರಿನ ನೀರನ್ನು ಶುಚಿಯಾಗಿಡುವುದು ಎಂದರೇನು ಎಂಬುದನ್ನು ಆ ಸ್ಪರ್ಧೆ ಜಗತ್ತಿಗೆ ತೋರಿಸಿಕೊಟ್ಟಷ್ಟು ಸ್ಪಷ್ಟವಾಗಿ ಬೇರಾವುದೂ ತೋರಿಸಿಕೊಡಲಿಲ್ಲ. ಆದ್ದರಿಂದಲೇ ಇಂದು ಆ ಪ್ರಸಂಗವನ್ನು ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಕೊಲ್ಲಿಯ ಸ್ವರೂಪ

ಗ್ವಾನಬಾರ ಸುಮಾರು 400 ಚದರ ಕಿಲೊಮೀಟರ್ ವಿಸ್ತಾರದ ಕೊಲ್ಲಿ. ಆದರೆ ಅದರ ಬಾಯಿ ಬಹಳ ಇಕ್ಕಟ್ಟು. ಅಗಲ ಒಂದೂವರೆ ಕಿಲೊಮೀಟರಿಗಿಂತ ಸ್ವಲ್ಪವೇ ಹೆಚ್ಚು. 1502ರ ಜನವರಿಯಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ನಾವಿಕರು ಇದನ್ನು ನದಿಯ ಅಳಿವೆಯೆಂದು ಭ್ರಮಿಸಿ ‘ಜನವರಿಯ ನದಿ’ ಎಂದು ಹೆಸರಿಟ್ಟರು ಎಂಬ ಪ್ರತೀತಿಯಿದೆ. ಒಂದು ದಡದಲ್ಲಿ ರಿಯೊ ನಗರ, ಎದುರು ದಡದಲ್ಲಿ ನಿತೆರೊಯ್ ಪಟ್ಟಣ. ಸುತ್ತಲಿನ ಗುಡ್ಡಗಾಡಿನಿಂದ ಹತ್ತಾರು ನದಿ ಹಳ್ಳಗಳು ಹರಿದು ಬಂದು ಕೊಲ್ಲಿಯನ್ನು ಸೇರುತ್ತವೆ. ಆ ನದಿಗಳ ದಂಡೆಯಲ್ಲಿ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ವಾಸವಾಗಿದ್ದಾರೆ.

ಕಸದ ಗಾಡಿ ಹತ್ತಲಾರದ ಕಡಿದಾದ ಓಣಿಗಳ ಬಡವನಿಗೆ ಮನೆಯ ಹಿಂದಿನ ಹಳ್ಳವೇ ತಿಪ್ಪೆ. ಹೀಗೆ ಹಳ್ಳಕ್ಕೆ ಬಿದ್ದ ಚೀಲ, ಬಾಟಲಿಗಳು ಮೊದಲ ಮಳೆಗೆ ನದಿಗೂ, ನದಿಯಿಂದ ಕೊಲ್ಲಿಗೂ ಇಳಿಯುತ್ತವೆ. ಕೊಲ್ಲಿಯ ಬಾಯಿ ಕಿರಿದಾದ್ದರಿಂದ ಒಳಭಾಗದ ನೀರು ಬೇಗ ಬದಲಾಗುವುದಿಲ್ಲ. ಉಬ್ಬರದ ವೇಳೆ ಸಾಗರದ ತಿಳಿನೀರು ಒಳಗೆ ನುಗ್ಗುತ್ತದೆ. ಇಳಿತದ ವೇಳೆ ಒಳಗಿನ ಕೊಳೆ ಹೊರಕ್ಕೆ ಸರಿಯುತ್ತದೆ. ಎರಡು ಪ್ರವಾಹಗಳು ಸಂಧಿಸುವ ಕಡೆ ತೇಲುವ ವಸ್ತುಗಳೆಲ್ಲ ಸಾಲುಗಟ್ಟಿ ಉದ್ದನೆಯ ಗೆರೆಯಂತೆ ನಿಲ್ಲುತ್ತವೆ. ನಮ್ಮ ಮೀನುಗಾರ ಬಾಂಧವರಿಗೆ ಈ ಗೆರೆಯ ಪರಿಚಯವನ್ನು ಹೇಳಿಕೊಡಬೇಕಾಗಿಲ್ಲ.

ರಿಯೊ ನಗರದ ಲಾಂಛನದಲ್ಲಿ ಎರಡು ಡಾಲ್ಫಿನ್‌ಗಳ ಚಿತ್ರವಿದೆ. 1980ರ ದಶಕದಲ್ಲಿ ಕೊಲ್ಲಿಯಲ್ಲಿ ನೂರಾರು ಸಂಖ್ಯೆಯಲ್ಲಿದ್ದ ಡಾಲ್ಫಿನ್‌ಗಳು ಒಲಿಂಪಿಕ್ ಕೂಟದ ವೇಳೆಗೆ ಕೆಲವೇ ಹತ್ತುಗಳಿಗೆ ಇಳಿದಿದ್ದವು. ಲಾಂಛನದಲ್ಲಿ ಉಳಿದ ಜೀವಿ ನೀರಿನಿಂದ ಮರೆಯಾಗತೊಡಗಿತ್ತು.

ಒಂದು ಚೀಲದ ತೂಕ

ಹಾಯಿದೋಣಿ ಸ್ಪರ್ಧೆಗೆ ಯಂತ್ರದ ಬಲವಿಲ್ಲ, ಗಾಳಿಯೇ ಗತಿ. ಮಹಿಳೆಯರಿಗಾಗಿ ರಿಯೊ ಕೂಟದಲ್ಲಿ ಮೊದಲ ಬಾರಿಗೆ ಸೇರಿಸಲಾದ ‘ಫಾರ್ಟಿನೈನರ್ ಎಫ್ಎಕ್ಸ್’ ಎಂಬ ದೋಣಿಯನ್ನೇ ನೋಡೋಣ. ಉದ್ದ ಐದು ಮೀಟರಿಗೂ ತುಸು ಕಡಿಮೆ. ಅದರಲ್ಲಿ ಇಬ್ಬರೇ ಸವಾರರು. ದೋಣಿ ಮಗುಚದಂತೆ ಇಬ್ಬರೂ ತಂತಿಗೆ ಸೊಂಟಪಟ್ಟಿ ಸಿಕ್ಕಿಸಿಕೊಂಡು ಅಂಚಿನಿಂದ ಹೊರಕ್ಕೆ ಮೈಚಾಚಿ ನಿಲ್ಲಬೇಕು. ದೋಣಿ ಪಕ್ಕಕ್ಕೆ ಜಾರದಂತೆ ತಡೆಯಲು ತಳದಿಂದ ಒಂದು ತೆಳುವಾದ ಹಲಗೆ ನೀರಿಗಿಳಿದಿರುತ್ತದೆ. ಹಿಂದುಗಡೆ ಚುಕ್ಕಾಣಿಯ ಅಲಗು ಇರುತ್ತದೆ. ವೇಗವೆಲ್ಲ ಈ ಎರಡು ಅಲಗುಗಳ ನುಣುಪನ್ನು ಅವಲಂಬಿಸಿದೆ.

ಅಂಗಡಿಯಲ್ಲಿ ಸಾಮಾನು ಕಟ್ಟಿಕೊಡುವ ಒಂದು ಪ್ಲಾಸ್ಟಿಕ್ ಚೀಲ ಆ ಹಲಗೆಗೆ ಸುತ್ತಿಕೊಂಡಿತೆನ್ನಿ. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲದ ಚೀಲ ನೀರಿನೊಳಗೆ ಲಂಗರಿನಂತೆ ಎಳೆಯುತ್ತದೆ. ಅದನ್ನು ಬಿಡಿಸಲು ಹಲಗೆಯನ್ನು ಮೇಲೆತ್ತಬೇಕು, ಇಲ್ಲವೆ ದೋಣಿಯನ್ನೇ ನಿಲ್ಲಿಸಿ ಹಿಂದಕ್ಕೆ ಸರಿಸಬೇಕು. ಅಷ್ಟರಲ್ಲಿ ಎದುರಾಳಿಗಳು ದಾಟಿ ಹೋಗಿರುತ್ತಾರೆ. ವರ್ಷಗಟ್ಟಲೆ ಮಾಡಿದ ಸಾಧನೆ ಯಾರೋ ಎಸೆದ ಒಂದು ಚೀಲದಿಂದ ವ್ಯರ್ಥವಾಗಬಹುದು. ಗಾಳಿಯನ್ನೂ ಅಲೆಯನ್ನೂ ಓದಲು ಕಲಿತ ನಾವಿಕರು ಗ್ವಾನಬಾರದಲ್ಲಿ ಕಸವನ್ನೂ ಓದಲು ಕಲಿಯಬೇಕಾಯಿತು.

ಮಾತು ಕೊಟ್ಟದ್ದು, ಬಲೆ ಕಟ್ಟಿದ್ದು

ಕೊಲ್ಲಿಯನ್ನು ಶುಚಿಗೊಳಿಸುವ ಯೋಜನೆ ಹೊಸದಾಗಿರಲಿಲ್ಲ. 1992ರಲ್ಲಿ ಇದೇ ರಿಯೊ ನಗರದಲ್ಲಿ ವಿಶ್ವಸಂಸ್ಥೆಯ ಭೂಶೃಂಗ ಸಭೆ ಜರುಗಿದ ಮೇಲೆ, ವಿದೇಶಿ ಸಾಲದ ನೆರವಿನಿಂದ ದೊಡ್ಡ ಕಾರ್ಯಕ್ರಮವೊಂದು ಆರಂಭವಾಗಿತ್ತು. ಚರಂಡಿ ನೀರನ್ನು ಶುದ್ಧೀಕರಿಸುವ ಸ್ಥಾವರಗಳು ಎದ್ದು ನಿಂತವು. ಆದರೆ ಮನೆಗಳಿಂದ ಸ್ಥಾವರಗಳಿಗೆ ಕೊಳವೆಗಳನ್ನು ಜೋಡಿಸುವ ಕೆಲಸ ಪೂರ್ಣವಾಗಲಿಲ್ಲ. ಸ್ಥಾವರ ಹಸಿದು ನಿಂತಿತ್ತು; ಕೊಳೆ ಮಾತ್ರ ಹಳೆಯ ದಾರಿಯಲ್ಲೇ ಕಡಲಿಗೆ ಹರಿಯುತ್ತಿತ್ತು.

2009ರಲ್ಲಿ ಒಲಿಂಪಿಕ್ ಆತಿಥ್ಯ ದೊರೆತಾಗ, 2016ರೊಳಗೆ ಕೊಲ್ಲಿಗೆ ಸೇರುವ ಚರಂಡಿ ನೀರಿನ ಶೇಕಡ 80ರಷ್ಟನ್ನು ಶುದ್ಧೀಕರಿಸುವುದಾಗಿ ರಿಯೊ ಮಾತುಕೊಟ್ಟಿತು. ದಿನ ಸಮೀಪಿಸಿದಂತೆ ಆ ಮಾತು ಈಡೇರದೆಂಬುದು ಆಡಳಿತಗಾರರ ಬಾಯಿಂದಲೇ ಹೊರಬಿತ್ತು. 2015ರ ಆಗಸ್ಟ್ ತಿಂಗಳ ಪೂರ್ವಭಾವಿ ಸ್ಪರ್ಧೆಯಲ್ಲಿ ಭಾಗವಹಿಸಿ ಊರಿಗೆ ಮರಳಿದ ಜರ್ಮನಿಯ ನಾವಿಕ ಎರಿಕ್ ಹೈಲ್ ಅವರ ಚರ್ಮಕ್ಕೆ, ಔಷಧಿಗೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾದ ಸೋಂಕು ತಗಲಿತ್ತು. ರಿಯೊ ಬಂದರಿನ ನೀರೇ ಇದಕ್ಕೆ ಕಾರಣವೆಂದು ಅವರು ನಂಬಿದ್ದರು. ಹಾಗಿದ್ದೂ ಮರುವರ್ಷ ಅವರು ಅದೇ ನೀರಿಗೆ ಮರಳಿ ಬಂದು ಕಂಚಿನ ಪದಕ ಗೆದ್ದರೆಂಬುದು ಸ್ಮರಣೀಯ.

ಚರಂಡಿಯನ್ನು ಸರಿಪಡಿಸಲು ಕಾಲ ಮೀರಿತ್ತು. ಕಣ್ಣಿಗೆ ಕಾಣುವ ತೇಲುಕಸವನ್ನಾದರೂ ತಡೆಯಬೇಕೆಂದು ನದಿಗಳ ಅಳಿವೆಗೆ ಅಡ್ಡಲಾಗಿ ತೇಲುವ ತಡೆಗಳನ್ನು ಕಟ್ಟಲಾಯಿತು. ಕಸ ಬಾಚುವ ದೋಣಿಗಳು ಕೊಲ್ಲಿಯಲ್ಲಿ ಓಡಾಡಿದವು. ಆಕಾಶದಿಂದ ಹೆಲಿಕಾಪ್ಟರ್ ಕಸದ ಗೆರೆಯನ್ನು ಗುರುತಿಸಿ ದೋಣಿಗಳಿಗೆ ದಾರಿ ತೋರಿಸಿತು. ಇದರಿಂದ ಸ್ಪರ್ಧೆಗಳು ಸಾಂಗವಾಗಿ ನೆರವೇರಿದವೆಂಬುದು ನಿಜ. ಆದರೆ ಅತಿಥಿಗಳು ಬರುವ ಹೊತ್ತಿಗೆ ಅಂಗಳವನ್ನು ಗುಡಿಸಿದ್ದನ್ನು ಮನೆ ಶುಚಿಯಾಯಿತೆಂದು ಕರೆಯಲಾದೀತೇ?

ಬಂದರಿನ ಒಂದು ಕುಟುಂಬ

ಜಗತ್ತಿನ ಪತ್ರಿಕೆಗಳೆಲ್ಲ ಈ ನೀರನ್ನು ಕಂಡು ಮೂಗು ಮುರಿಯುತ್ತಿದ್ದಾಗ, ಇದೇ ನೀರಿನಲ್ಲಿ ಮೂರು ತಲೆಮಾರುಗಳಿಂದ ದೋಣಿ ನಡೆಸಿದ ಕುಟುಂಬವೊಂದು ನಿತೆರೊಯ್ ಪಟ್ಟಣದಲ್ಲಿತ್ತು. ಗ್ರೇಲ್ ಮನೆತನದ ಟೊರ್ಬೆನ್ ಗ್ರೇಲ್ ಒಲಿಂಪಿಕ್ ಕೂಟಗಳಲ್ಲಿ ಎರಡು ಚಿನ್ನ ಸೇರಿ ಐದು ಪದಕಗಳನ್ನು ಗಳಿಸಿದವರು. ಅವರ ಸೋದರ ಲಾರ್ಸ್ ಎರಡು ಕಂಚಿನ ಪದಕಗಳ ಒಡೆಯ. 1998ರಲ್ಲಿ ವಿಟೋರಿಯ ಎಂಬಲ್ಲಿ ಸ್ಪರ್ಧೆಯ ಹಾದಿಗೆ ನುಗ್ಗಿದ ಮೋಟಾರು ದೋಣಿಯ ಅಪಘಾತದಲ್ಲಿ ಲಾರ್ಸ್ ಒಂದು ಕಾಲನ್ನೇ ಕಳೆದುಕೊಂಡರು. ಎದೆಗುಂದದೆ ಅವರು ಮತ್ತೆ ದೋಣಿ ಹತ್ತಿದರು.

ಅದೇ 1998ರಲ್ಲಿ ಈ ಸೋದರರು ಟೊರ್ಬೆನ್ ಅವರ ಜೊತೆ ನಾವಿಕ ಮಾರ್ಸೆಲೊ ಫೆರೇರ ಅವರೊಡಗೂಡಿ ‘ಪ್ರೊಜೆಟೊ ಗ್ರೇಲ್’ ಎಂಬ ಶಾಲೆಯನ್ನು ಸ್ಥಾಪಿಸಿದರು. ಹಾಯಿದೋಣಿ ಸಿರಿವಂತರ ಆಟ ಎಂಬ ಮಾತಿದೆ. ಈ ಶಾಲೆಯಾದರೋ ಸರಕಾರಿ ಶಾಲೆಗಳ ಮಕ್ಕಳಿಗೆ ಈಜು, ಹಾಯಿ, ದೋಣಿ ದುರಸ್ತಿಯ ಕಸಬುಗಳನ್ನು ಕಲಿಸತೊಡಗಿತು. ಕೊಲ್ಲಿಯ ತೇಲುಕಸವನ್ನು ಸಂಗ್ರಹಿಸುವ ಕೆಲಸವನ್ನೂ ಕೈಗೆತ್ತಿಕೊಂಡಿತು. ಇನ್ನೊಬ್ಬ ಸೋದರ ಆಕ್ಸೆಲ್ ಅರಣ್ಯಶಾಸ್ತ್ರ ಕಲಿತು ಪರಿಸರ ರಕ್ಷಣೆಗಾಗಿ ದುಡಿದವರು. ಮುಂದೆ 2021ರಿಂದ 2024ರ ತನಕ ನಿತೆರೊಯ್ ಪಟ್ಟಣದ ಮೇಯರ್ ಆಗಿದ್ದರು. ಒಂದೇ ಮನೆಯ ಮೂವರು ಒಂದೇ ನೀರಿನ ಋಣವನ್ನು ಮೂರು ಬಗೆಯಲ್ಲಿ ತೀರಿಸಿದ ಈ ಪರಿ ನಮ್ಮ ಮನಸ್ಸನ್ನು ತಟ್ಟುತ್ತದೆ.

ಎರಡು ಸೆಕೆಂಡುಗಳು

2016ರ ಆಗಸ್ಟ್ 18. ಟೊರ್ಬೆನ್ ಅವರ ಮಗಳು ಮಾರ್ಟಿನ್ ಗ್ರೇಲ್ ಮತ್ತು ಆಕೆಯ ಜೊತೆಗಾತಿ ಕಹೇನ ಕುಂಜೆ, ಇಬ್ಬರಿಗೂ ಆಗ 25 ವರ್ಷ. ಹನ್ನೆರಡು ಸುತ್ತುಗಳ ಬಳಿಕ ಬ್ರೆಜಿಲ್, ಸ್ಪೇನ್ ಮತ್ತು ಡೆನ್ಮಾರ್ಕ್ ತಂಡಗಳು 46 ಅಂಕಗಳೊಂದಿಗೆ ಸಮಸಮವಾಗಿದ್ದವು, ನ್ಯೂಜಿಲೆಂಡ್ 47ರಲ್ಲಿತ್ತು. ಈ ಆಟದಲ್ಲಿ ಅಂಕ ಕಡಿಮೆಯಾದಷ್ಟೂ ಮೇಲು. ಕೊನೆಯ ಪದಕ ಸುತ್ತಿನಲ್ಲಿ ನಾಲ್ವರಲ್ಲಿ ಯಾರು ಮುಂದೆ ಬರುವರೋ ಅವರಿಗೇ ಚಿನ್ನ ಎಂಬಂತಾಗಿತ್ತು.

ಸಕ್ಕರೆಗುಡ್ಡವೆಂದು ಪ್ರಸಿದ್ಧವಾದ ಬಂಡೆಯ ಬುಡದಲ್ಲಿ, ಫ್ಲಾಮೆಂಗೊ ಕಡಲತೀರದ ಜನಸ್ತೋಮದ ಎದುರು ಸ್ಪರ್ಧೆ ನಡೆಯಿತು. ನ್ಯೂಜಿಲೆಂಡಿನ ತರುಣಿಯರು ಮುಂದಿದ್ದರು. ಕೊನೆಯ ಹಂತದಲ್ಲಿ ಬ್ರೆಜಿಲ್ ದೋಣಿ ಅವರನ್ನು ಹಿಂಬಾಲಿಸದೆ ಬೇರೆ ಮಗ್ಗುಲನ್ನು ಆಯ್ದುಕೊಂಡಿತು. ಬಾಲ್ಯದಿಂದ ಬಲ್ಲ ನೀರು, ಬಲ್ಲ ಗಾಳಿ. ಗುರಿ ಮುಟ್ಟಿದಾಗ ಅಂತರ ಎರಡೇ ಸೆಕೆಂಡು. ಚಿನ್ನ ಬ್ರೆಜಿಲ್ ಪಾಲಾಯಿತು. ಅಭಿಮಾನಿಗಳು ನೀರಿಗೆ ಧುಮುಕಿ, ಇಬ್ಬರನ್ನೂ ದೋಣಿ ಸಮೇತ ಹೆಗಲ ಮೇಲೆ ಹೊತ್ತು ದಡಕ್ಕೆ ತಂದರು. ಐದು ವರ್ಷಗಳ ನಂತರ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲೂ ಇದೇ ಜೋಡಿ ಚಿನ್ನ ಗೆದ್ದಿತು.

ಎರಡು ಸೆಕೆಂಡು ಎಂದರೆ ಒಂದು ನಿಟ್ಟುಸಿರು. ಆ ಮಧ್ಯಾಹ್ನ ಒಂದೇ ಒಂದು ಚೀಲ ಆ ದೋಣಿಯ ಹಲಗೆಗೆ ಸಿಕ್ಕಿಕೊಂಡಿದ್ದರೆ ಮೂರು ತಲೆಮಾರುಗಳ ತಪಸ್ಸು ಏನಾಗುತ್ತಿತ್ತು ಎಂದು ಯೋಚಿಸಿದಾಗ ಮೈ ಜುಮ್ಮೆನ್ನುತ್ತದೆ.

ಬಲೆಯ ಆಚೆಗೆ

ಕ್ರೀಡಾಕೂಟಕ್ಕೆ ಮುನ್ನವೇ, 2016ರ ಜೂನ್ ತಿಂಗಳಲ್ಲಿ ರಿಯೊ ರಾಜ್ಯ ಸರಕಾರವು ಹಣಕಾಸಿನ ವಿಪತ್ತನ್ನು ಘೋಷಿಸಿತ್ತು. ಕೂಟ ಮುಗಿದ ಮೇಲೆ ಕೊಲ್ಲಿಯ ಕೆಲಸ ಹಿಂದೆ ಬಿದ್ದದ್ದು ಆಶ್ಚರ್ಯವಲ್ಲ. 2021ರಲ್ಲಿ ನೀರು ಮತ್ತು ಒಳಚರಂಡಿಯ ಹೊಣೆಯನ್ನು ಖಾಸಗಿ ಗುತ್ತಿಗೆಗೆ ವಹಿಸಿ ಕೊಳವೆಗಳ ಕೆಲಸ ಮುಂದುವರಿದ ಬಳಿಕ, ಫ್ಲಾಮೆಂಗೊ ತೀರದ ನೀರು ಸ್ನಾನಕ್ಕೆ ಯೋಗ್ಯವೆನಿಸಿಕೊಂಡ ದಿನಗಳು ಹೆಚ್ಚಿದವು. ಒಲಿಂಪಿಕ್ ವೈಭವ ಮಾಡಲಾಗದ್ದನ್ನು ಯಾರ ಕಣ್ಣಿಗೂ ಬೀಳದ ಕೊಳವೆ ಮಾಡಿತು.

ಬಲೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಅಮೆರಿಕದ ಬಾಲ್ಟಿಮೋರ್ ಬಂದರಿನಲ್ಲಿ 2014ರಿಂದ ಒಂದು ನೀರುಚಕ್ರ ಕೆಲಸ ಮಾಡುತ್ತಿದೆ. ನದಿಯು ಬಂದರನ್ನು ಸೇರುವ ಅಳಿವೆಯಲ್ಲಿ ಅದನ್ನು ನಿಲ್ಲಿಸಲಾಗಿದೆ. ಹರಿವ ನೀರೇ ಚಕ್ರವನ್ನು ತಿರುಗಿಸುತ್ತದೆ. ಹರಿವು ಸಾಲದಿದ್ದಾಗ ಸೂರ್ಯನ ಶಕ್ತಿಯಿಂದ ಪಂಪು ನಡೆಯುತ್ತದೆ. ತೇಲುವ ತಡೆಯಿಂದ ಒಂದೆಡೆ ಸೇರಿದ ಕಸ ಪಟ್ಟಿಯ ಮೇಲೇರಿ ತೊಟ್ಟಿಗೆ ಬೀಳುತ್ತದೆ. ಮಕ್ಕಳಿಗೆ ಪ್ರಿಯವಾಗಲೆಂದು ಅದಕ್ಕೆ ಎರಡು ದೊಡ್ಡ ಕಣ್ಣುಗಳನ್ನೂ ಅಂಟಿಸಿದ್ದಾರೆ. ಆದರೆ ಆ ನಗರ ಚಕ್ರವನ್ನು ನೆಚ್ಚಿ ಸುಮ್ಮನೆ ಕೂರಲಿಲ್ಲ. 2019ರಲ್ಲಿ ಊಟ ತುಂಬಿಸುವ ಥರ್ಮೊಕೋಲ್ ಡಬ್ಬಿಗಳನ್ನೂ, 2021ರಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನೂ ಅದು ನಿಷೇಧಿಸಿತು. ಅಳಿವೆಯ ಬಲೆ ಕೊನೆಯ ಬಾಗಿಲು; ಮೊದಲ ಬಾಗಿಲು ಮನೆಯದು ಎಂಬುದನ್ನು ಆ ಊರು ಅರಿತಿತ್ತು.

ನಮ್ಮ ಮನೆಯ ಬಾಗಿಲು

ಬಂದರನ್ನು ಬಂದರಿನಲ್ಲಿ ನಿಂತು ಶುಚಿಗೊಳಿಸಲಾಗದು ಎಂಬುದೇ ಗ್ವಾನಬಾರ ಕಲಿಸಿದ ಪಾಠ. ಅಲ್ಲಿ ತೇಲಿದ ಪ್ರತಿಯೊಂದು ಬಾಟಲಿಯೂ ಕಡಲಿನಿಂದ ಹತ್ತಾರು ಕಿಲೊಮೀಟರ್ ದೂರದ, ದೋಣಿಯನ್ನೇ ಕಂಡಿರದ ಯಾವುದೋ ಮನೆಯ ಅಡಿಗೆ ಕೋಣೆಯಿಂದ ಹೊರಟಿರಬಹುದು. ನೇತ್ರಾವತಿಯ ದಂಡೆಯಲ್ಲಿಯೂ, ಅವಳಿಗೆ ಸೇರುವ ತೋಡುಗಳ ಬದಿಯಲ್ಲಿಯೂ ಬಾಳುವ ನಮಗೆ ಈ ಮಾತು ಅನ್ವಯಿಸುವುದಿಲ್ಲವೇ? ಜೂನ್ ತಿಂಗಳ ಮೊದಲ ಮಳೆ ನಮ್ಮ ಅಂಗಳದಿಂದ ಕೊಚ್ಚಿಕೊಂಡು ಹೋದದ್ದು ಅಳಿವೆ ಬಾಗಿಲನ್ನು ದಾಟಿ ಅರಬ್ಬೀ ಕಡಲನ್ನು ಸೇರುವುದು ಅದೇ ನಿಯಮದಿಂದ.

ಆ ಸ್ಪರ್ಧೆಗೆ ಐದು ತಿಂಗಳ ಮುನ್ನ, 2016ರ ಮಾರ್ಚ್ ತಿಂಗಳಲ್ಲಿ, ಕರ್ನಾಟಕ ಸರಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೆಲ್ಲ ನಿಷೇಧ ಬಂತು. ಕಾನೂನಿಗೆ ಕೊರತೆಯಿಲ್ಲ. ರೋಸ್, ಮದುವೆ, ಹಬ್ಬದ ಔತಣಗಳ ಮರುದಿನ ನಮ್ಮ ಸಭಾಂಗಣಗಳ ಹಿತ್ತಿಲನ್ನು ಒಮ್ಮೆ ನೋಡಿದರೆ ಕೊರತೆ ಎಲ್ಲಿದೆಯೆಂಬುದು ತಿಳಿಯುತ್ತದೆ. ನಮ್ಮ ಹಿರಿಯರು ಬಾಳೆಲೆಯಲ್ಲಿ ಉಣಬಡಿಸಿ ಲೋಹದ ಲೋಟದಲ್ಲಿ ನೀರಿತ್ತರು. ಅವರ ಅತಿಥಿ ಸತ್ಕಾರದಲ್ಲಿ ಏನೂ ಕಡಿಮೆಯಾಗಿರಲಿಲ್ಲ. ಊಟದ ಬಳಿಕ ಪಾತ್ರೆ ತೊಳೆಯಲು ನಾಲ್ಕು ಮಂದಿ ಯುವಕರು ಒಂದು ತಾಸು ನಿಂತರೆ ಸಾವಿರ ಲೋಟಗಳು ಹೊಳೆಗಿಳಿಯುವುದು ತಪ್ಪುತ್ತದೆ.

ಬೆಟ್ಟದ ಮೇಲಿನ ಆ ಚಿತ್ರವನ್ನು ಮುಂದೆ ಎಲ್ಲಿಯಾದರೂ ಕಂಡಾಗ, ಓದುಗರೇ, ಕೆಳಗಿನ ನೀಲಿ ನೀರಿನತ್ತ ಒಂದು ಕ್ಷಣ ದೃಷ್ಟಿ ಹಾಯಿಸೋಣ. ಆ ನೀರಿನಲ್ಲಿ ಎರಡು ಸೆಕೆಂಡುಗಳಿಂದ ಗೆದ್ದ ಇಬ್ಬರು ತರುಣಿಯರನ್ನು ನೆನೆಯೋಣ. ನಮ್ಮ ಕೈಯಿಂದ ಜಾರಿದ ಚೀಲ ನಾಳೆ ಯಾರ ದೋಣಿಯ ಚುಕ್ಕಾಣಿಗೆ, ಯಾವ ಮೀನುಗಾರನ ಬಲೆಗೆ ಸುತ್ತಿಕೊಳ್ಳುವುದೋ ನಮಗೆ ತಿಳಿಯದು. ಅದನ್ನು ಜಾರಗೊಡದಿರುವುದು ಮಾತ್ರ ನಮ್ಮ ಕೈಯಲ್ಲೇ ಇದೆ.