ಕಸಿ ಅಂಗದ ಉಳಿವಿಗೆ ಅಮೈನೋ ಆಮ್ಲಗಳ ಕಡಿವಾಣ

ಒಬ್ಬರ ಮೂತ್ರಪಿಂಡವನ್ನು ಮತ್ತೊಬ್ಬರಿಗೆ ಕಸಿ ಮಾಡಿದಾಗ ದೇಹದ ರೋಗನಿರೋಧಕ ವ್ಯವಸ್ಥೆಯು ಅದನ್ನು ಪರಕೀಯವೆಂದು ಗುರುತಿಸಿ ದಾಳಿಗಿಳಿಯುತ್ತದೆ. ಅದನ್ನು ತಡೆಯಲು ರೋಗಿಯು ಸಾಮಾನ್ಯವಾಗಿ ಜೀವನಪರ್ಯಂತ ಔಷಧ ಸೇವಿಸಬೇಕಾಗುತ್ತದೆ. ಈ ಔಷಧಗಳು ಅಂಗವನ್ನು ಕಾಪಾಡುತ್ತವೆಯಾದರೂ ಸೋಂಕು ಹಾಗೂ ಕೆಲವು ಬಗೆಯ ಕ್ಯಾನ್ಸರ್‌ಗಳ ಅಪಾಯವನ್ನು ಹೆಚ್ಚಿಸುತ್ತವೆ. ಇಡೀ ದೇಹದ ರಕ್ಷಣೆಯನ್ನು ಕುಗ್ಗಿಸದೆ, ಕಸಿಯಾದ ಜಾಗದಲ್ಲಷ್ಟೇ ದಾಳಿಯನ್ನು ತಡೆಯಲು ಸಾಧ್ಯವೇ?

ಇಂಥ ಏರ್ಪಾಡಿನ ಸುಳಿವು ಪ್ರಕೃತಿಯಲ್ಲೇ ಇದೆ. ಗರ್ಭಸ್ಥ ಶಿಶುವಿನ ಅರ್ಧದಷ್ಟು ವಂಶವಾಹಿಗಳು ತಂದೆಯವು. ಆದರೂ ತಾಯಿಯ ದೇಹ ಅದನ್ನು ತಿರಸ್ಕರಿಸುವುದಿಲ್ಲವೇಕೆ ಎಂಬ ಪ್ರಶ್ನೆಯನ್ನು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಎತ್ತಿದ್ದರು. 1998ರಲ್ಲಿ ಅಮೆರಿಕದ ಡೇವಿಡ್ ಮನ್, ಆಂಡ್ರ್ಯೂ ಮೆಲರ್ ಮತ್ತು ಸಂಗಡಿಗರು ಒಂದು ಉತ್ತರ ನೀಡಿದರು. ಮಾಸು ಅಥವಾ ಜರಾಯುವಿನಲ್ಲಿರುವ 'ಐಡಿಒ' ಎಂಬ ಕಿಣ್ವವು ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುತ್ತದೆ. ಗರ್ಭಿಣಿ ಇಲಿಗಳಲ್ಲಿ ಈ ಕಿಣ್ವವನ್ನು ತಡೆದಾಗ, ಬೇರೆ ತಳಿಯ ತಂದೆಯಿಂದಾದ ಭ್ರೂಣಗಳು ನಾಶವಾದವು. ಅದೇ ತಳಿಯವು ಉಳಿದವು.

ಇದರ ಮರ್ಮ ಸರಳ. ದಾಳಿ ನಡೆಸುವ ಟಿ-ಜೀವಕೋಶಗಳು ಕ್ಷಿಪ್ರವಾಗಿ ವಿಭಜನೆಗೊಳ್ಳಬೇಕು; ಅದಕ್ಕೆ ಅಮೈನೋ ಆಮ್ಲಗಳ ಪೂರೈಕೆ ಅಗತ್ಯ. ಟ್ರಿಪ್ಟೊಫಾನನ್ನು ನಮ್ಮ ದೇಹ ತಯಾರಿಸಲಾರದು. ಅದು ಆಹಾರದಿಂದಲೇ ದೊರೆಯಬೇಕು. ಸುತ್ತಮುತ್ತ ಅದರ ಕೊರತೆಯಾದರೆ ಟಿ-ಕೋಶದೊಳಗಿನ 'ಜಿಸಿಎನ್2' ಎಂಬ ಸಂವೇದಕವು ಅದನ್ನು ಗ್ರಹಿಸಿ ವಿಭಜನೆಗೆ ತಡೆಯೊಡ್ಡುತ್ತದೆ. ಟ್ರಿಪ್ಟೊಫಾನ್ ಒಡೆದಾಗ ಹುಟ್ಟುವ ಕೈನುರೆನಿನ್, ದಾಳಿಯನ್ನು ಶಮನಗೊಳಿಸುವ ನಿಯಂತ್ರಕ ಟಿ-ಕೋಶಗಳಿಗೆ ಉತ್ತೇಜನ ನೀಡುತ್ತದೆ.

ಆದರೆ ಇದೊಂದೇ ರಕ್ಷಾಕವಚವಲ್ಲ. ಐಡಿಒ ವಂಶವಾಹಿಯೇ ಇಲ್ಲದ ಇಲಿಗಳೂ ಸಹಜವಾಗಿ ಮರಿ ಹಾಕುತ್ತವೆ ಎಂಬುದು ಬಳಿಕ ತಿಳಿದುಬಂತು.

ಈಗಾಗಲೇ ಬಳಕೆಯಲ್ಲಿರುವ ಔಷಧವೊಂದು ಇದಕ್ಕೆ ಹತ್ತಿರದ ದಾರಿಯಲ್ಲೇ ಕೆಲಸ ಮಾಡುತ್ತದೆ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ರಾಪಮೈಸಿನ್, ಮೂತ್ರಪಿಂಡ ಕಸಿ ರೋಗಿಗಳ ಬಳಕೆಗಾಗಿ 1999ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದು ತಡೆಯುವ 'ಎಂಟಿಒಆರ್' ಎಂಬ ಪ್ರೋಟೀನು, ಅಮೈನೋ ಆಮ್ಲಗಳು ಸಾಕಷ್ಟಿವೆಯೇ ಎಂಬುದನ್ನು ಅರಿತು ಜೀವಕೋಶದ ಬೆಳವಣಿಗೆಗೆ ಚಾಲನೆ ನೀಡುವ ಗುಂಡಿಯಿದ್ದಂತೆ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ, ಗ್ಲೂಕೋಸ್ ಹಾಗೂ ಗ್ಲುಟಮಿನ್ ಬಳಕೆಗೆ ಅಡ್ಡಿಪಡಿಸುವ ಔಷಧಗಳನ್ನು ಒಟ್ಟಾಗಿ ನೀಡಿದಾಗ ಇಲಿಗಳಲ್ಲಿ ಕಸಿಯಾದ ಚರ್ಮ ಮತ್ತು ಹೃದಯ ಹೆಚ್ಚು ಕಾಲ ಉಳಿದವು.

ಹಾಗೆಂದು ಕಸಿ ಮಾಡಿಸಿಕೊಂಡವರು ತಾವಾಗಿಯೇ ಬೇಳೆ, ಹಾಲು, ಮೊಟ್ಟೆಗಳನ್ನು ತ್ಯಜಿಸುವುದು ಸಲ್ಲದು. ಐಡಿಒ ಉಂಟುಮಾಡುವ ಕೊರತೆ ಅಂಗಾಂಶದ ಒಂದು ಭಾಗಕ್ಕೆ ಸೀಮಿತ; ಪಥ್ಯದಿಂದಾಗುವ ಕೊರತೆ ಇಡೀ ದೇಹದ್ದು. ಗಾಯ ಮಾಯಲು, ಸೋಂಕನ್ನು ಎದುರಿಸಲು ಪ್ರೋಟೀನ್ ಬೇಕೇ ಬೇಕು. ಆಹಾರದ ಪ್ರಮಾಣವಾಗಲಿ, ಔಷಧವಾಗಲಿ ವೈದ್ಯರ ಸಲಹೆಯಿಲ್ಲದೆ ಬದಲಾಗಬಾರದು.