ಮನೆಯ ಕಾಗದಪತ್ರಗಳೂ ಡಿಸ್ಕುಗಳ ಪೆಟ್ಟಿಗೆಯೂ

ಹಿಂದಿನವರು ಮನೆಯ ಕಾಗದಪತ್ರಗಳನ್ನು ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು. ಈಗ ಮದುವೆಯ ಚಿತ್ರಗಳು, ಗತಿಸಿದ ಹಿರಿಯರ ಧ್ವನಿ, ಆಸ್ತಿಪತ್ರಗಳ ಪ್ರತಿಗಳು, ಎಲ್ಲವೂ ನಾಲ್ಕು ಹಾರ್ಡ್ ಡಿಸ್ಕುಗಳುಳ್ಳ ಒಂದು ಸಣ್ಣ ಪೆಟ್ಟಿಗೆಯನ್ನು ಸೇರಿರುವ ಮನೆಗಳುಂಟು. ಅದರಲ್ಲಿ ಡಿಸ್ಕೊಂದು ಕೆಟ್ಟರೆ ಹಿಡಿಯನ್ನೆಳೆದು ಹೊರತೆಗೆಯುವುದು ಸುಲಭವೆಂದೇ ತೋರುವುದು. ಆದರೆ ಸರ್ವಸ್ವವನ್ನೂ ಕಳೆದುಕೊಳ್ಳುವುದಕ್ಕೆ ಆ ಒಂದು ಎಳೆತವೇ ಸಾಕು.

ಈ ಏರ್ಪಾಟಿಗೆ ರೇಡ್ ಎಂದು ಹೆಸರು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಸ್ ಎಂಬ ಮೂವರ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂದಿತು. ಇದರ ಮರ್ಮವನ್ನು ಹೀಗೆ ತಿಳಿಯಬಹುದು. ಮೂರು ಡಿಸ್ಕುಗಳಲ್ಲಿ 7, 5, 9 ಎಂಬ ಅಂಕಗಳಿದ್ದು, ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ 21 ಇದೆಯೆನ್ನೋಣ. 5 ಅಳಿದುಹೋದರೆ 21ರಲ್ಲಿ 16ನ್ನು ಕಳೆದು ಅದನ್ನು ಮರಳಿ ಪಡೆಯಬಹುದಷ್ಟೆ. ಲೋಪವಾದ ವರ್ಣವನ್ನು ವೈಯಾಕರಣನು ಉಳಿದವುಗಳ ಬಲದಿಂದ ಅರಿಯುವಂತೆ! ಯಂತ್ರವು ಮೊತ್ತಕ್ಕೆ ಬದಲಾಗಿ ಸಮ ಬೆಸಗಳ ಲೆಕ್ಕವನ್ನಿಟ್ಟು ಅದನ್ನು ಎಲ್ಲ ಡಿಸ್ಕುಗಳಿಗೂ ಹಂಚುವುದು. ನ್ಯಾಯ ಮಾತ್ರ ಅದೇ. ಇದು ರೇಡ್ 5ರ ಕ್ರಮ. ಇಲ್ಲಿ ಒಂದು ಹೋದರೆ ಬಾಧೆಯಿಲ್ಲ, ಎರಡು ಹೋದರೆ ಲೆಕ್ಕವೇ ಇಲ್ಲ. ರೇಡ್ 6 ಎರಡನ್ನು ತಾಳಬಲ್ಲುದು. ರೇಡ್ 0 ಎಂಬುದು ಒಂದನ್ನೂ ತಾಳದು. ಅದನ್ನು ಈ ಕುಲಕ್ಕೆ ಸೇರಿಸಿದ್ದೇ ನನಗೆ ವಿಚಿತ್ರವಾಗಿ ಕಾಣುವುದು.

ಹೀಗಿರುವಲ್ಲಿ, ರೇಡ್ 5ರಲ್ಲಿ ಕೆಟ್ಟದ್ದನ್ನು ಬಿಟ್ಟು ನೆರೆಯ ಒಳ್ಳೆಯ ಡಿಸ್ಕನ್ನು ಎಳೆದವನ ಪಾಡೇನು? ಪೆಟ್ಟಿಗೆಯ ಕೆಲಸವೇ ನಿಲ್ಲುವುದು. ಬರೆಹವು ಮರಳಿ ದೊರೆಯುವುದು ಬಲ್ಲವರ ಕೈಚಳಕಕ್ಕೂ ದೈವಾನುಗ್ರಹಕ್ಕೂ ಸೇರಿದ ಮಾತು. ಆದುದರಿಂದ ಮೊದಲು ಬೇರೊಂದು ಕಡೆ ಪೂರ್ಣವಾದ ಪ್ರತಿಯಿದೆಯೇ ಎಂದು ತೆರೆದು ನೋಡತಕ್ಕದ್ದು. ಬಳಿಕ ಡಿಸ್ಕಿನ ಗುರುತು. ಕಂಪ್ಯೂಟರು ಇಡುವ ಹೆಸರನ್ನು ನಂಬಕೂಡದು. ಮರಳಿ ಚಾಲನೆ ಮಾಡಿದಾಗ ಅದು ಬದಲಾಗುವುದುಂಟು. ಡಿಸ್ಕಿನ ಮೈಮೇಲೆ ಮುದ್ರಿತವಾದ ಕ್ರಮಸಂಖ್ಯೆಯೇ ಪ್ರಮಾಣ. ಎಲ್ಲವೂ ಸುಸ್ಥಿತಿಯಲ್ಲಿರುವಾಗಲೇ ಆ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಆಯಾ ಖಾನೆಯ ಮುಂದೆ ಅಂಟಿಸುವ ಗೃಹಿಣಿಯು ಜಾಣೆಯೇ ಸರಿ.

ಅನಂತರ ಯಂತ್ರಕ್ಕೆ ತಿಳಿಸಬೇಕು. ಲಿನಕ್ಸ್ ವ್ಯವಸ್ಥೆಯಲ್ಲಾದರೆ ಡಿಸ್ಕು ಕೆಟ್ಟಿತೆಂದು ಮೊದಲು ಸಾರಿ, ಆಮೇಲೆ ಅದನ್ನು ಕೂಟದಿಂದ ಬಿಡಿಸುವ ಆಜ್ಞೆಗಳುಂಟು. ನಡೆಯುತ್ತಿರುವಾಗಲೇ ತೆಗೆಯಲು ಪೆಟ್ಟಿಗೆಯು ಅನುಮತಿಸದಿದ್ದರೆ ವಿದ್ಯುತ್ತನ್ನು ನಿಲ್ಲಿಸತಕ್ಕದ್ದು. ಅನುಮತಿಸಿದರೂ ಡಿಸ್ಕನ್ನು ಅಂಗುಲದಷ್ಟು ಮಾತ್ರ ಎಳೆದು ಅರ್ಧ ನಿಮಿಷ ತಡೆಯುವುದು ಲೇಸು. ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಯು ಒಡನೆ ನಿಲ್ಲಲಾರದು.

ಹೊಸ ಡಿಸ್ಕು ಹಳೆಯದಕ್ಕಿಂತ ಕಿರಿದಾಗಿರಕೂಡದು. ಬರೆಹವೆಲ್ಲ ಅದಕ್ಕೆ ತುಂಬಲು ಹಲವು ಗಂಟೆಗಳು, ಕೆಲವೊಮ್ಮೆ ದಿನಗಳೇ, ಹಿಡಿಯುವುವು. ಅಷ್ಟರವರೆಗೆ ಉಳಿದವುಗಳನ್ನು ಮುಟ್ಟಬೇಡಿರಿ.

ತೆಗೆದ ಡಿಸ್ಕನ್ನು ಗುಜರಿಯವನಿಗೆ ಹಾಗೆಯೇ ಕೊಡುವುದೂ ತರವಲ್ಲ. ಎರಡು ಡಿಸ್ಕುಗಳಲ್ಲಿ ಒಂದೇ ಬರೆಹವನ್ನಿಡುವ ರೇಡ್ 1ರಲ್ಲಂತೂ ನಿಮ್ಮ ಮನೆಯ ಸಮಸ್ತ ಕಾಗದಪತ್ರಗಳೂ ಆ ಒಂದರಲ್ಲಿಯೇ ಇರುವುವು.