ಚೌಕಗಳಾಗುವ ಅಕ್ಷರಗಳು: ಲಿನಕ್ಸ್ ಕಂಪ್ಯೂಟರ್‌ಗೆ ಕನ್ನಡ, ಉರ್ದು ಫಾಂಟ್ ಹಾಕುವುದು ಹೇಗೆ?



ತಾವು ದಾನವಾಗಿ ಕೊಡುವ ಬಳಸಿದ ಕಂಪ್ಯೂಟರ್‌ಗಳನ್ನು ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಯ ವಿದ್ಯಾರ್ಥಿಗಳಿಗೆ ತಲುಪಿಸುತ್ತಿದ್ದೇವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಇವುಗಳಿಗೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿ ಕೊಡುತ್ತೇವೆ. ಇವು ಉಚಿತ, ಪ್ರತಿ ಮಾಡಿ ಹಂಚಲು ಕಾನೂನಿನ ಅನುಮತಿಯೂ ಇದೆ. ದಾನಿಗಳು ನಂಬಿ ಕೊಟ್ಟ ಹಣ ಅಮಾನತ್. ಅದು ತಂತ್ರಾಂಶದ ಪರವಾನಗಿಗೆ ಖರ್ಚಾಗದೆ ಮಕ್ಕಳ ಶುಲ್ಕಕ್ಕೂ ಪುಸ್ತಕಕ್ಕೂ ಉಳಿಯುತ್ತದೆ.

ಆದರೆ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಒಂದು ತೊಡಕು ಬರುತ್ತದೆ. ಅರ್ಜಿಯಲ್ಲಿ ಮನೆಯ ಪರಿಸ್ಥಿತಿಯನ್ನು ಬರೆದ ಪುಟ ಓದಲು ಬಾರದಿದ್ದರೆ, ಪರಿಶೀಲಿಸುವವರಿಗೆ ಮಗುವಿನ ಮಾತೇ ತಲುಪುವುದಿಲ್ಲ. ಈ ತೊಡಕಿನಲ್ಲಿ ಎರಡು ಬಗೆಯಿದೆ, ಪರಿಹಾರವೂ ಬೇರೆ ಬೇರೆ.

ಮೊದಲನೆಯದು, ಅಕ್ಷರದ ಬದಲು ಖಾಲಿ ಚೌಕಗಳು ಕಾಣುವುದು. ಬರಹ ಸರಿಯಾಗಿಯೇ ಇರುತ್ತದೆ. ಅದನ್ನು ತೋರಿಸುವ ಫಾಂಟ್ ಮಾತ್ರ ಇಲ್ಲ. ಈ ಚೌಕಗಳಿಗೆ ತಂತ್ರಜ್ಞರು 'ತೋಫು' ಎನ್ನುತ್ತಾರೆ. 'ತೋಫು ಬೇಡ' ಎಂಬ ಅರ್ಥದಿಂದಲೇ ಗೂಗಲ್‌ನ 'ನೋಟೋ' ಫಾಂಟ್‌ಗಳಿಗೆ ಆ ಹೆಸರು ಬಂತು. ಇದಕ್ಕೆ ಫಾಂಟ್ ಹಾಕಿದರೆ ಸಾಕು.

ಎರಡನೆಯದು, ಇಂಗ್ಲಿಷ್ ಅಕ್ಷರಗಳೂ ತಲೆಯ ಮೇಲೆ ಚುಕ್ಕೆ, ಗೆರೆ ಹೊತ್ತ ವಿಚಿತ್ರ ಅಕ್ಷರಗಳೂ ಕಾಣುವುದು. ಇದು ಹಳೆಯ ನುಡಿ ಅಥವಾ ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿತ್ತು. ಇದಕ್ಕೆ ಹೊಸ ಫಾಂಟ್ ಹಾಕಿ ಫಲವಿಲ್ಲ. ಪರಿವರ್ತಕದ ಮೂಲಕ ಕಡತವನ್ನೇ ಯೂನಿಕೋಡ್‌ಗೆ ಬದಲಿಸಬೇಕು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಸ್ಥಾಪನೆಯಾದ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು. ಅದರಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು.

ಫಾಂಟ್ ಹಾಕುವ ಕ್ರಮ ಸುಲಭ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಗೂಗಲ್ ಫಾಂಟ್ಸ್ ತಾಣದಿಂದ ಇಳಿಸಿಕೊಳ್ಳಿ. ಜಿಪ್ ಕಡತವನ್ನು ಬಿಡಿಸಿ. ಒಳಗಿರುವ ಟಿಟಿಎಫ್ ಕಡತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಅಕ್ಷರಗಳ ಮಾದರಿ ತೆರೆಯುತ್ತದೆ; ಅಲ್ಲಿರುವ 'ಇನ್‌ಸ್ಟಾಲ್' ಗುಂಡಿ ಒತ್ತಿ. ಲಿಬ್ರೆ ಆಫೀಸ್ ತೆರೆದಿದ್ದರೆ ಮುಚ್ಚಿ ಮತ್ತೆ ತೆರೆಯಿರಿ. ಹೀಗೆ ಹಾಕಿದ್ದು ಆ ಬಳಕೆದಾರರ ಖಾತೆಗೆ ಮಾತ್ರ ಸಿಗುತ್ತದೆ. ಅಣ್ಣ ತಂಗಿಯರಿಗೆ ಒಂದೇ ಯಂತ್ರದಲ್ಲಿ ಬೇರೆ ಬೇರೆ ಖಾತೆ ಇದ್ದರೆ ಎರಡರಲ್ಲೂ ಹಾಕಬೇಕು. ಗುಬ್ಬಿ, ನವಿಲು, ಲೋಹಿತ್ ಎಂಬ ಕನ್ನಡ ಫಾಂಟ್‌ಗಳು ಉಬುಂಟುವಿನ ತಂತ್ರಾಂಶ ಭಂಡಾರದಲ್ಲೇ ಇವೆ. ಸಿನಾಪ್ಟಿಕ್ ಮೂಲಕ ಅವನ್ನು ಹಾಕಿದರೆ ಎಲ್ಲ ಖಾತೆಗಳಿಗೂ ಸಿಗುತ್ತವೆ.

ಉರ್ದು ಮಾಧ್ಯಮದ ಮಕ್ಕಳು ನೋಟೋ ನಸ್ತಾಲೀಖ್ ಉರ್ದು ಫಾಂಟನ್ನೂ ಇದೇ ಕ್ರಮದಲ್ಲಿ ಹಾಕಿಕೊಳ್ಳಲಿ. ಅದಿಲ್ಲದಿದ್ದರೆ ಉರ್ದು ಅಕ್ಷರಗಳು ಅರಬ್ಬಿಯ ನಸ್ಖ್ ಶೈಲಿಯಲ್ಲಿ ಕಾಣಬಹುದು. ಪಠ್ಯಪುಸ್ತಕದ ಇಳಿಜಾರು ನಸ್ತಾಲೀಖ್‌ಗೆ ಹೊಂದಿಕೊಂಡ ಕಣ್ಣಿಗೆ ಅದು ಓದಲು ತ್ರಾಸ.

ಫಾಂಟ್ ಅಕ್ಷರವನ್ನು ತೋರಿಸುತ್ತದೆ ಅಷ್ಟೆ. ಟೈಪ್ ಮಾಡಲು ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ಕನ್ನಡವನ್ನು ಪ್ರತ್ಯೇಕವಾಗಿ ಸೇರಿಸಬೇಕು. ನುಡಿ ಕೀಲಿಮಣೆ ರೂಢಿಯಿದ್ದವರು 'ಕಗಪ' ವಿನ್ಯಾಸವನ್ನು ಆರಿಸಿಕೊಳ್ಳಿ. ಹೊಸದಾಗಿ ಕಲಿಯಬೇಕಾದ್ದು ಕಡಿಮೆ.

ಎಲ್ಲ ಸರಿಯಿದೆಯೇ ಎಂದು ತಿಳಿಯಲು ನಿಮ್ಮ ವಿಳಾಸವನ್ನೇ ಟೈಪ್ ಮಾಡಿ ನೋಡಿ: 'ಹೊಸಪೇಟೆ, ವಿಜಯನಗರ ಜಿಲ್ಲೆ' ಅಥವಾ 'ಕಂಪ್ಲಿ, ಬಳ್ಳಾರಿ ಜಿಲ್ಲೆ'. ಒತ್ತಕ್ಷರಗಳು ಅಕ್ಷರದ ಕೆಳಗೆ ಸರಿಯಾಗಿ ಕೂತಿರಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಹೆಸರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಝಕಿಯಾ, ಜ಼ಕಿಯಾ, ಜಕಿಯಾ ಎಂದು ಒಂದೇ ಹೆಸರನ್ನು ಮೂರು ರೀತಿ ಬರೆಯಬಹುದು. ಕಂಪ್ಯೂಟರ್‌ಗೆ ಅವು ಮೂರು ಬೇರೆ ಹೆಸರುಗಳು. ಅಂಕಪಟ್ಟಿಯಲ್ಲಿ ಇರುವಂತೆಯೇ ಬರೆಯಿರಿ.

ಕೊನೆಯದಾಗಿ, ಅರ್ಜಿಯನ್ನು ಪಿಡಿಎಫ್ ಮಾಡಿ ಕಳಿಸಿ. ಲಿಬ್ರೆ ಆಫೀಸ್‌ನಲ್ಲಿ ಪಿಡಿಎಫ್ ಮಾಡಿದಾಗ ಫಾಂಟ್ ಕಡತದೊಳಗೇ ಸೇರಿಕೊಳ್ಳುತ್ತದೆ. ತೆರೆಯುವವರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ನಿಮ್ಮ ಬರಹ ಇದ್ದಂತೆಯೇ ಕಾಣುತ್ತದೆ.

ಮನೆಯಲ್ಲಿ ಇಂಟರ್ನೆಟ್ ಇಲ್ಲದವರು ಪೆನ್ ಡ್ರೈವ್ ತೆಗೆದುಕೊಂಡು ನಮ್ಮ ಕಚೇರಿಗೆ ಬನ್ನಿ. ಈ ಫಾಂಟ್‌ಗಳನ್ನು ಉಚಿತವಾಗಿ ಹಾಕಿಕೊಡುತ್ತೇವೆ. ಅವುಗಳ ಪರವಾನಗಿ ಹಂಚಲು ಅನುಮತಿ ಕೊಡುತ್ತದೆ. ಕಂಪ್ಯೂಟರ್ ಕೊಡುವ ದಾನಿಗಳು ಚಾರ್ಜರ್ ಅನ್ನೂ ಜೊತೆಗೆ ಕೊಟ್ಟರೆ ಉಪಕಾರ.